ಕಟ್ಟೆ ಬಂದಾಗ ನಿಲ್ಲುತ್ತಿದ್ದ ಹಾಡು

ಜುಂಜಣ್ಣ ಹಾಡನ್ನು ಗುನುಗುತ್ತಿರಲಿಲ್ಲ, ಹಾಡಿನ ಕೆಳಗಿರುವುದನ್ನು ಗುನುಗುತ್ತಿದ್ದ. ಹಾಡುವವನ ಧ್ವನಿಯನ್ನಾಗಲಿ, ಮೇಲೆ ಮಿಂಚುವ ಗಿಟಾರನ್ನಾಗಲಿ ಅವನು ಮುಟ್ಟುತ್ತಿರಲಿಲ್ಲ. ಎಲ್ಲದರ ಅಡಿಯಲ್ಲಿ ದಪ್ಪ ತಂತಿಯ ಗಿಟಾರೊಂದು ಯಾರ ಗಮನಕ್ಕೂ ಬಾರದೆ ನಡೆಯುತ್ತಿರುತ್ತದಲ್ಲ, ಅದನ್ನು ಬಾಯಿ ಮುಚ್ಚಿಕೊಂಡು ಎದೆಯಲ್ಲಿ ಹಿಡಿಯುತ್ತಿದ್ದ. ದೂರದಿಂದ ಕೇಳಿದವರಿಗೆ ಯಾರೋ ನೋವಿನಿಂದ ನರಳುತ್ತಿದ್ದಾರೆ ಎನಿಸುತ್ತಿತ್ತು. ಮೊದಲ ಸಲ ನನಗೂ ಹಾಗೇ ಅನಿಸಿತು.

ಅದು ದೊಡ್ಡಉಳ್ಳಾರ್ತಿಯ ಆಚೆಗಿನ ಒಂದು ಹಟ್ಟಿ. ಕರುಳುಬೇನೆಯ ಲಸಿಕೆ ಹಾಕಲು ಹೋಗಿದ್ದೆ. ನಾನು ಪಶು ಆಸ್ಪತ್ರೆಯ ಪರೀಕ್ಷಕ, ವೈದ್ಯನಲ್ಲ. ಹಟ್ಟಿಗಳಲ್ಲಿ ಮಾತ್ರ ಎಲ್ಲರೂ ಡಾಕ್ಟ್ರೇ ಎನ್ನುತ್ತಾರೆ. ತಿದ್ದುವುದನ್ನು ಬಿಟ್ಟು ಬಹಳ ದಿನವಾಯಿತು. ಮುಳ್ಳುಬೇಲಿಯ ರೊಪ್ಪದೊಳಗೆ ಐವತ್ತು ದಾಟಿದ ಒಬ್ಬ ಎತ್ತರದ ಮನುಷ್ಯ ಕುರಿಗಳನ್ನು ಒಂದೊಂದಾಗಿ ಮೊಣಕಾಲ ನಡುವೆ ಸಿಕ್ಕಿಸಿ ಹಿಡಿದುಕೊಡುತ್ತಿದ್ದ. ಹನ್ನೆರಡೋ ಹದಿಮೂರೋ ಕುರಿಗೆ ಸೂಜಿ ಹಾಕಿರಬೇಕು, ಆಗ ಆ ನರಳಾಟ ಕೇಳಿಸಿತು. ತಲೆ ಎತ್ತಿದೆ. ಅವನ ಮುಖದಲ್ಲಿ ನೋವಿರಲಿಲ್ಲ. ಕಿವಿಗೊಟ್ಟು ಕೇಳಿದೆ. ನಾಲ್ಕು ಹೆಜ್ಜೆ ಏರಿ, ಒಂದು ಕಡೆ ತಡೆದು, ಮೂರು ಹೆಜ್ಜೆ ಇಳಿಯುವ ಒಂದು ನಡೆ. ಅದು ಉರುಮೆಯ ಬಡಿತವಲ್ಲ, ಭಜನೆಯದಲ್ಲ, ಸಿನಿಮಾದ್ದೂ ಅಲ್ಲ.

“ಏನಣ್ಣ ಅದು, ನೀನು ಹಾಡ್ತಿರೋದು?”

“ನಾನೆಲ್ಲಿ ಹಾಡ್ತೀನಿ ಡಾಕ್ಟ್ರೇ,” ಎಂದ. “ಅದು ಕಟ್ಟೆ ಕ್ಯಾಸೆಟ್ಟು.”

ಪಕ್ಕದಲ್ಲಿ ಹಿಕ್ಕೆ ಗುಡಿಸುತ್ತಿದ್ದ ಅವನ ಅತ್ತಿಗೆ ಕರಿಯಮ್ಮ ಪೊರಕೆ ನಿಲ್ಲಿಸಿ ನಕ್ಕಳು. “ನಮ್ಮ ಮೈದ್ನಂದು ಇಂಗ್ಲೀಷ್ ಕುರಿ ಡಾಕ್ಟ್ರೇ. ಸೂಜಿ ಹಾಕಿದ್ದಕ್ಕೆ ತ್ಯಾಂಕ್ಸ್ ಅಂದ್ರೂ ಅಂದಾವು, ಹೆದರ್ಕೋಬ್ಯಾಡ್ರಿ.”

ನನ್ನ ಕೈ ನಿಂತುಹೋಗಿತ್ತು. ಯಾಕೆಂದು ಹೇಳಬೇಕು. ದಾವಣಗೆರೆಯ ಹಾಸ್ಟೆಲಿನಲ್ಲಿ ಓದುವಾಗ ಕೋಣೆಯ ಗೆಳೆಯನೊಬ್ಬ ನನಗೆ ಆಲ್ಬಮ್ ಕೇಳುವುದನ್ನು ಕಲಿಸಿದ್ದ. ಬಿಡಿ ಹಾಡಲ್ಲ, ಇಡೀ ಆಲ್ಬಮ್; ಬ್ಯಾಂಡಿನವರು ಜೋಡಿಸಿಟ್ಟ ಕ್ರಮದಲ್ಲೇ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಎದ್ದುಹೋಗದೆ. ಆ ಗೆಳೆಯ ಆಮೇಲೆ ಎಲ್ಲಿ ಹೋದನೋ ತಿಳಿಯದು. ಕೆಲಸ ಸಿಕ್ಕಿ ನಾನು ಚಳ್ಳಕೆರೆಗೆ ಬಂದೆ. ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದೆ. ಸಂಜೆ ಬಂದು ಬಾಗಿಲು ಹಾಕಿಕೊಂಡು, ಶೇಂಗಾ ಹಿಂಡಿಯ ವಾಸನೆಯ ನಡುವೆ, ನಾನು ಹುಟ್ಟುವ ಮೊದಲೇ ಒಡೆದುಹೋದ ಬ್ಯಾಂಡುಗಳನ್ನೂ ಕಳೆದ ವಾರ ಹೊಸ ಆಲ್ಬಮ್ ಬಿಟ್ಟ ಬ್ಯಾಂಡುಗಳನ್ನೂ ಕೇಳುತ್ತಿದ್ದೆ. ಆಸ್ಪತ್ರೆಯಲ್ಲಿ ಒಮ್ಮೆ ಒಬ್ಬರಿಗೆ ಕೇಳಿಸಿದೆ. ಅರ್ಧ ನಿಮಿಷ ಕೇಳಿ, “ಚೆನ್ನಾಗೈತೆ, ಆದ್ರೆ ಮಾತು ತಿಳಿಯಲ್ಲ ನೋಡು,” ಎಂದು ಇಯರ್‌ಫೋನು ವಾಪಸು ಕೊಟ್ಟರು. ಅಲ್ಲಿಂದ ಯಾರಿಗೂ ಹೇಳಿರಲಿಲ್ಲ. ಏಳು ವರ್ಷ ಯಾರಿಗೂ ಹೇಳದ ವಿಷಯ ಒಂದು ಕುರಿರೊಪ್ಪದಲ್ಲಿ ಮತ್ತೊಬ್ಬನ ಎದೆಯಿಂದ ಕೇಳಿಬಂದರೆ ಸೂಜಿ ಹಿಡಿದ ಕೈ ನಿಲ್ಲುತ್ತದೆ.

ಕ್ಯಾಸೆಟ್ಟುಗಳು ಅವನಿಗೆ ಬಂದ ಬಗೆ ಸರಳವಾದದ್ದು. ಇಪ್ಪತ್ತು ವರ್ಷದ ಕೆಳಗೆ ಒಬ್ಬ ಹೆಣ್ಣುಮಗಳು ಕಾವಲಿನ, ಅಂದರೆ ಕುರಿ ಮೇಯುವ ಬಯಲಿನ, ಹುಲ್ಲು ಎಣಿಸಲು ಬಂದಿದ್ದಳಂತೆ. ನಾಲ್ಕು ಕಡ್ಡಿ ನೆಟ್ಟು, ದಾರ ಕಟ್ಟಿ, ಅದರೊಳಗೆ ಎಷ್ಟು ಜಾತಿಯ ಹುಲ್ಲು ಇದೆ ಎಂದು ಬರೆದುಕೊಳ್ಳುವುದು ಅವಳ ಕೆಲಸ. ಎರಡು ಮಳೆಗಾಲ ಜುಂಜಣ್ಣ ಅವಳಿಗೆ ದಾರಿ ತೋರಿಸಿದ, ಹುಲ್ಲಿನ ಹೆಸರು ಹೇಳಿದ. ಹೋಗುವಾಗ ಅವಳು ತನ್ನ ಟೇಪ್‌ರೆಕಾರ್ಡರನ್ನೂ ಒಂದು ಚಪ್ಪಲಿ ಡಬ್ಬಿಯಲ್ಲಿ ಏಳು ಕ್ಯಾಸೆಟ್ಟುಗಳನ್ನೂ ಅವನಿಗೆ ಬಿಟ್ಟುಹೋದಳು. “ಹುಲ್ಲಿನ ಮೇಡಂ ಕೊಟ್ಟಿದ್ದು,” ಎಂದೇ ಅವನು ಹೇಳುತ್ತಿದ್ದ. ಎಲ್ಲವೂ ಬೇರೆ ಕಡೆಯಿಂದ ನಕಲು ಮಾಡಿಕೊಂಡ ಕ್ಯಾಸೆಟ್ಟುಗಳು, ಮೇಲೆ ಬ್ಯಾಂಡಿನ ಪಟವಿಲ್ಲ. ಚೀಟಿಯ ಮೇಲಿನ ಶಾಯಿ ಒಂದು ಮಳೆಯಲ್ಲಿ ತೊಳೆದುಹೋಗಿತ್ತು. ಇದ್ದಿದ್ದರೂ ಅವನಿಗೆ ಓದಲು ಬರುತ್ತಿರಲಿಲ್ಲ.

ಹಾಗಾಗಿ ಹೆಸರುಗಳನ್ನು ಅವನೇ ಇಟ್ಟಿದ್ದ. ಬೇವಿನ ಮರದ್ದು, ಕಲ್ಲುಗುಡ್ಡೆಯದ್ದು, ಹೊಲಗಟ್ಟಿನದ್ದು. ಯಾವ ಕ್ಯಾಸೆಟ್ಟು ಎಲ್ಲಿಗೆ ಮುಟ್ಟಿಸುತ್ತದೋ ಅದೇ ಅದರ ಹೆಸರು. ಟೇಪ್‌ರೆಕಾರ್ಡರಿಗೆ ಪಟ್ಟಿ ಕಟ್ಟಿ ಕೊರಳಿಗೆ ಹಾಕಿಕೊಂಡು ಅವನು ಮುಂದೆ ನಡೆಯುತ್ತಿದ್ದ. ನೂರಾ ಇಪ್ಪತ್ತು ಕುರಿ ಆ ಸದ್ದಿನ ಹಿಂದೆ ನಡೆಯುತ್ತಿದ್ದವು. ಕೂಗುವುದು, ಸೀಟಿ ಹಾಕುವುದು ಅವನ ಪದ್ಧತಿಯಲ್ಲಿ ಇರಲಿಲ್ಲ. ಯಾವುದೇ ಆಲ್ಬಮ್ಮಿನ ಬಗ್ಗೆ ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ: “ನಡೀತೈತಾ?”

ಕಟ್ಟೆ ಕ್ಯಾಸೆಟ್ಟು ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ಮಗ್ಗುಲು ಅರ್ಧ ಗಂಟೆ, ಇನ್ನೊಂದು ಮಗ್ಗುಲು ಅರ್ಧ ಗಂಟೆ. ಮಧ್ಯಾಹ್ನ ನೀರು ಕುಡಿಸಲು ಹೊರಟಾಗ ರೊಪ್ಪದ ಬಾಗಿಲಲ್ಲಿ ಗುಂಡಿ ಒತ್ತುತ್ತಿದ್ದ. ಒಂಟಿ ಬೇವಿನ ಹತ್ತಿರ ಮಗ್ಗುಲು ಮುಗಿಯುತ್ತಿತ್ತು, ತಿರುಗಿಸಿ ಹಾಕುತ್ತಿದ್ದ. ಕೊನೆಯ ಹಾಡು ಒಂದು ದೊಡ್ಡ ಹಾಡು. ಮೆಲ್ಲಗೆ ಶುರುವಾಗಿ ಗುಂಪುಗಟ್ಟುತ್ತ ಗುಂಪುಗಟ್ಟುತ್ತ ಹೋಗಿ, ಹಾಡುವವನು ಒಂದು ಮಾತನ್ನು ಎಳೆಯಲು ತೊಡಗಿದಾಗ ಟಕ್ ಎಂದು ನಿಂತುಬಿಡುತ್ತಿತ್ತು. ಗುಂಡಿ ಮೇಲೆ ಹಾರುತ್ತಿತ್ತು. ಎದುರಿಗೆ ನೀರು ತುಂಬಿದ ಕಟ್ಟೆ.

ಒಂದು ದಿನ ನಾನೂ ಜೊತೆಗೆ ನಡೆದೆ. ಕೊನೆಯ ಹಾಡು ಶುರುವಾದ ಕೂಡಲೇ ಹಿಂದಿನ ಕುರಿಗಳ ಗೊರಸಿನ ಸದ್ದು ಚುರುಕಾಯಿತು. ಜುಂಜಣ್ಣ ತಿರುಗಿ ನೋಡದೆಯೇ ಹೇಳಿದ: “ಈ ಹಾಡು ಬಂದ್ರೆ ಅವಕ್ಕೆ ಬಾಯಾರ್ತೈತೆ.” ಟಕ್ ಎಂದದ್ದೇ, ಬಿಳಿಗಿವಿ ಎಂಬ ಗಂಟೆ ಕಟ್ಟಿದ ಹೆಣ್ಣುಕುರಿ ಮೊದಲು ತಲೆ ತಗ್ಗಿಸಿ ನೀರಿಗೆ ಬಾಯಿ ಇಟ್ಟಿತು. ಉಳಿದವು ಅದರ ಅಕ್ಕಪಕ್ಕ ಸಾಲಾಗಿ ನಿಂತವು. ಜುಂಜಣ್ಣ ಹಿಂದಕ್ಕೆ ಹೋಗಿ ಬಾಲದ ಕಡೆಯಿಂದ ಎಣಿಸಿಕೊಂಡು ಬಂದ. ಇದು ಪ್ರತಿ ದಿನದ ಕ್ರಮ ಎಂದು ನಾನು ಅಂದೇ ಕಂಡಿದ್ದೆ. ಕಂಡಿದ್ದೆ ಎಂಬುದನ್ನು ಇಲ್ಲಿ ಬರೆದಿಡಬೇಕು.

“ಹಾಡು ಪೂರ್ತಿ ಇಲ್ಲ ಜುಂಜಣ್ಣ,” ಎಂದೆ. “ಟೇಪು ಮುಗಿದೈತೆ ಅಷ್ಟೆ. ಹಾಡು ಮುಂದೆ ಇರಬೇಕು.”

ಅವನು ನಂಬಲಿಲ್ಲ. “ಅದೆಂಗಿರ್ತೈತೆ? ನೀರು ಬಂತು, ನಿಲ್ಸಿದ್ರು. ಹಾಡಿದೋರೂ ಕುರಿ ಕಾಯ್ದೋರೇ ಇರಬೇಕು ಡಾಕ್ಟ್ರೇ. ಇಲ್ದಿದ್ರೆ ಇಷ್ಟು ಸರಿಯಾಗಿ ಅದೆಂಗೆ ನಿಲ್ಸ್ತಾರೆ?”

ಆಮೇಲೆ ವಾರಕ್ಕೊಮ್ಮೆಯಾದರೂ ಹಟ್ಟಿಯ ಕಡೆ ಹೋಗುವುದು ನನಗೆ ಅಭ್ಯಾಸವಾಯಿತು. ಲಸಿಕೆ ಇರಲಿ ಇಲ್ಲದಿರಲಿ. ನನ್ನ ಫೋನಿನಲ್ಲಿದ್ದ ಆಲ್ಬಮ್ಮುಗಳನ್ನು ಜಾಲಿ ಮರದ ಕೆಳಗೆ ಕೂತು ಕೇಳಿಸುತ್ತಿದ್ದೆ. ಅವನು ಕಂಬಳಿ ಮಡಚಿ ಹಾಕಿ, ಕಣ್ಣು ಕುರಿಗಳ ಮೇಲಿಟ್ಟು ಕೇಳುತ್ತಿದ್ದ. ಅವನ ತೀರ್ಪುಗಳು ನನಗೆ ಇಂದಿಗೂ ಬಾಯಿಪಾಠ. ಈಗಿನ ಒಂದು ಬ್ಯಾಂಡಿನಲ್ಲಿ ಪಿಸುಗುಡುವಂತೆ ಹಾಡುವ ಹುಡುಗಿಯನ್ನು ಕೇಳಿ, “ಈಕೆ ಮನ್ಯಾಗೆ ಕೂಸು ಮಲಗೈತೆ, ಏಳಬಾರ್ದು ಅಂತ ಹಾಡ್ತಾಳೆ,” ಎಂದ. ಒಂದು ಹೆಸರುವಾಸಿ ಹಳೆಯ ಬ್ಯಾಂಡಿನ ಆಲ್ಬಮ್ಮನ್ನು ಅರ್ಧಕ್ಕೇ ನಿಲ್ಲಿಸಲು ಹೇಳಿದ: “ಇವ್ರು ಒಂದೇ ದಿನ ಹೊರಟಿಲ್ಲ ಡಾಕ್ಟ್ರೇ. ಒಂದು ಹಾಡು ಬೇಸಿಗ್ಯಾಗೆ ಹೊರಟೈತೆ, ಒಂದು ಮಳ್ಯಾಗೆ. ಕೂಡಿಲ್ಲ.” ನಾನು ವರ್ಷಗಳಿಂದ ಆ ಆಲ್ಬಮ್ಮಿನಲ್ಲಿ ಏನೋ ಸರಿಯಿಲ್ಲ ಎಂದುಕೊಂಡಿದ್ದೆ, ಏನು ಎಂದು ತಿಳಿದಿರಲಿಲ್ಲ. ಆಮೇಲೆ ಹುಡುಕಿದರೆ, ಅದು ಎರಡು ವರ್ಷದ ಅಂತರದಲ್ಲಿ ಎರಡು ಕಡೆ ಮಾಡಿದ ಹಾಡುಗಳನ್ನು ಸೇರಿಸಿದ್ದು ಎಂದು ಗೊತ್ತಾಯಿತು.

ಅವನಿಗೆ ಮೆಚ್ಚಿಗೆಯಾದರೆ ಏನೂ ಹೇಳುತ್ತಿರಲಿಲ್ಲ. ಎದೆಯಲ್ಲಿ ದಪ್ಪ ತಂತಿ ಶುರುವಾಗುತ್ತಿತ್ತು. ಅದು ಕೇಳಿದರೆ ಸಾಕು, ನಾನು ಚಳ್ಳಕೆರೆಯ ಕೋಣೆಗೆ ವಾಪಸಾದ ಮೇಲೂ ಎರಡು ದಿನ ಯಾರೊಂದಿಗೋ ಇದ್ದಂತೆ ಇರುತ್ತಿತ್ತು. ಅವನಿಗೂ ಹಾಗೆ ಇತ್ತೇ ಎಂದು ನಾನು ಕೇಳಲಿಲ್ಲ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅಣ್ಣನ ಮನೆಯಲ್ಲಿ ಊಟ, ರೊಪ್ಪದ ಪಕ್ಕದ ಗುಡಿಸಲಲ್ಲಿ ನಿದ್ದೆ. ಒಂದು ವಾರ ನಾನು ಹೋಗದಿದ್ದರೆ ಕರಿಯಮ್ಮನ ಫೋನು ಬರುತ್ತಿತ್ತು: “ನಮ್ಮ ಜುಂಜ ಬಾಯಿಬಿಟ್ಟು ಕೇಳಲ್ಲ. ದಾರಿ ನೋಡ್ತಾ ಕುಂತಾನೆ. ಬರ್ತೀರೋ ಇಲ್ಲೋ?”

ಆ ವರ್ಷ ಕಾವಲಿನ ಜಾಗ ಯಾವುದೋ ಸರ್ಕಾರಿ ಸಂಸ್ಥೆಗೆ ಹೋಗಿ, ಸುತ್ತ ಗೋಡೆ ಬಂತು. ಕಟ್ಟೆಗೆ ಹೋಗುವ ನೇರ ದಾರಿ ಗೋಡೆಯ ಒಳಗೆ ಉಳಿಯಿತು. ಈಗ ಗೋಡೆಯನ್ನು ಸುತ್ತಿ, ಡಾಂಬರು ರಸ್ತೆಗೆ ಹತ್ತಿ, ಸ್ವಲ್ಪ ದೂರ ರಸ್ತೆಯ ಅಂಚಿನಲ್ಲೇ ನಡೆದು, ಎಡಕ್ಕೆ ಇಳಿದರೆ ಕಟ್ಟೆ. ಮುಕ್ಕಾಲು ಗಂಟೆ ಹೆಚ್ಚಿನ ದಾರಿ. ಮೊದಲ ದಿನ ಗೋಡೆಯ ಪಕ್ಕದಲ್ಲೇ ಹಾಡು ಟಕ್ ಎಂದು ನಿಂತಿತಂತೆ. ಕುರಿಗಳು ಗೋಡೆಗೆ ಮುಖ ಕೊಟ್ಟು ನಿಂತವಂತೆ. ಇದನ್ನು ಅವನು ನಗುತ್ತ ಹೇಳಿದ. ನಾಲ್ಕೈದು ದಿನ ಲೆಕ್ಕ ಹಾಕಿ, ಮುಕ್ಕಾಲು ಗಂಟೆ ಸದ್ದಿಲ್ಲದೆ ನಡೆದು ಗೋಡೆಯ ಮೂಲೆಯಲ್ಲಿ ಗುಂಡಿ ಒತ್ತಲು ಶುರುಮಾಡಿದ. ಹಾಡು ಮತ್ತೆ ಕಟ್ಟೆಯಲ್ಲೇ ನಿಂತಿತು.

ಗೋಡೆಯನ್ನು ಅವನು ಹೀಗೆ ದಾಟಿಕೊಂಡ. ಆದರೆ ಟೇಪ್‌ರೆಕಾರ್ಡರು ಸೋಲುತ್ತ ಬಂತು. ಒಳಗಿನ ರಬ್ಬರು ಬೆಲ್ಟು ಸಡಿಲವಾಗಿ, ಅವನು ಸೈಕಲ್ ಟ್ಯೂಬಿನಿಂದ ಕತ್ತರಿಸಿ ಹಾಕಿದ್ದೂ ಹರಿಯಿತು. ಚಳ್ಳಕೆರೆಯಲ್ಲಿ ನಾನು ಕೇಳದ ಅಂಗಡಿಯಿಲ್ಲ. ಕೊನೆಗೆ, ಅದು ಪೂರ್ತಿ ನಿಲ್ಲುವ ಮೊದಲು ಆ ಆಲ್ಬಮ್ಮು ಯಾವುದೆಂದು ಪತ್ತೆಹಚ್ಚಬೇಕು ಎಂದುಕೊಂಡೆ. ಹಾಡು ಕೇಳಿಸಿದರೆ ಹೆಸರು ಹೇಳುವ ಸೌಲಭ್ಯ ಫೋನಿನಲ್ಲಿತ್ತು. ಹಿಂದೆ ಎಷ್ಟೋ ಸಲ ಹಿಡಿದಿದ್ದೆ, ಗುರುತು ಸಿಕ್ಕಿರಲಿಲ್ಲ. ಟೇಪು ನಿಧಾನವಾಗಿ ಓಡುತ್ತಿದೆ, ಅದಕ್ಕೇ ಸಿಗುತ್ತಿಲ್ಲ ಎಂಬುದು ಆಗ ಹೊಳೆಯಿತು. ಹೊಸ ಬೆಲ್ಟಿನಂತೆ ಏನೋ ಕಟ್ಟಿ, ಹೊಸ ಸೆಲ್ಲು ಹಾಕಿದ ದಿನ ಫೋನು ಎರಡೇ ಕ್ಷಣದಲ್ಲಿ ಹೆಸರು ಹೇಳಿತು. ಹೆಚ್ಚು ಜನ ಕೇಳದ ಒಂದು ಬ್ಯಾಂಡು, ಮೂರೇ ಆಲ್ಬಮ್ ಮಾಡಿ ಚದುರಿಹೋದದ್ದು. ನಾನು ಹೆಸರು ಓದಿ ಹೇಳಿದೆ.

“ಹೆಸ್ರು ಅವ್ರ ಅವ್ವ ಕರೆಯಾಕೆ ಬೇಕು. ನಮ್ಗ್ಯಾಕೆ?” ಎಂದ ಜುಂಜಣ್ಣ.

ಆ ಕಾರಣಕ್ಕೇ ನಾನೂ ಇಲ್ಲಿ ಬರೆಯುತ್ತಿಲ್ಲ.

ಕೊನೆಯ ಹಾಡು ಪೂರ್ತಿ ಸಿಕ್ಕಿತು. ಕ್ಯಾಸೆಟ್ಟು ನಿಲ್ಲುತ್ತಿದ್ದ ಜಾಗದಿಂದ ಮುಂದೆ ಇನ್ನೂ ಏಳು ನಿಮಿಷ ಇತ್ತು. ಒಂದು ಶುಕ್ರವಾರ ನನ್ನ ಹಳೆಯ ಫೋನಿಗೆ ಆ ಇಡೀ ಆಲ್ಬಮ್ಮನ್ನೂ, ಹಾಗೆಯೇ ಪತ್ತೆಯಾದ ಉಳಿದ ಆರು ಕ್ಯಾಸೆಟ್ಟಿನವನ್ನೂ ತುಂಬಿಸಿಕೊಂಡು ಹೋದೆ. ಇಯರ್‌ಫೋನನ್ನೂ ಒಯ್ದೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ದಪ್ಪ ತಂತಿ ಕೇಳುವುದಿಲ್ಲ, ಅವನಿಗೆ ಬೇಕಾದದ್ದು ಅದೊಂದೇ, ಆದ್ದರಿಂದ ಇಯರ್‌ಫೋನು. ಹೀಗೆ ನಾನು ಯೋಚಿಸಿದ್ದೆ. ಅಲ್ಲಿಗೆ ನನ್ನ ಯೋಚನೆ ಮುಗಿದಿತ್ತು.

ಜಾಲಿ ಮರದ ಕೆಳಗೆ ಅವನ ಎರಡೂ ಕಿವಿಗೆ ನಾನೇ ಸಿಕ್ಕಿಸಿದೆ. ಮೊದಲ ಹಾಡು ಶುರುವಾದಾಗ ಅವನು ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿದ. “ಒಬ್ಬ ಈ ಕಡೆ ನಿಂತಾನೆ ಡಾಕ್ಟ್ರೇ, ಒಬ್ಬ ಆ ಕಡೆ. ಇಷ್ಟು ದಿನ ಎಲ್ಲಾರೂ ಒಬ್ಬನ ಮ್ಯಾಲೆ ಒಬ್ಬ ನಿಂತಿದ್ರು ನೋಡ್ರಿ.” ಸ್ವಲ್ಪ ಹೊತ್ತಾದ ಮೇಲೆ, “ಅವಸರದಾಗೆ ಅದಾರೆ,” ಎಂದ. ನಿಜ, ನಿಧಾನದ ಟೇಪಿಗೆ ಹೊಂದಿಕೊಂಡಿದ್ದ ಕಿವಿ ಅದು.

ಒಂದು ಗಂಟೆ ನಾನು ಪಕ್ಕದಲ್ಲಿ ಕೂತಿದ್ದೆ. ನನಗೆ ಏನೂ ಕೇಳುತ್ತಿರಲಿಲ್ಲ, ಅವನ ಎದೆಯ ಗುನುಗನ್ನು ಬಿಟ್ಟು. ಅದರಿಂದಲೇ ಹಾಡು ಎಲ್ಲಿದೆ ಎಂದು ತಿಳಿಯುತ್ತಿತ್ತು. ಟಕ್ ಎನ್ನಬೇಕಾದ ಜಾಗ ಬಂದಾಗ ಅವನ ಬೆರಳು ತಾನಾಗಿ ಎದೆಯ ಮೇಲೆ ಗುಂಡಿ ಇರುತ್ತಿದ್ದಲ್ಲಿಗೆ ಹೋಯಿತು. ಹಾಡು ನಿಲ್ಲಲಿಲ್ಲ. ಅವನು ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಮುಂದಿನ ಏಳು ನಿಮಿಷದಲ್ಲಿ ಮೊದಲು ಹಾಡುವವನ ಮಾತು ನಿಲ್ಲುತ್ತದೆ. ಆಮೇಲೆ ವಾದ್ಯಗಳು ಒಂದೊಂದಾಗಿ ಎದ್ದುಹೋಗುತ್ತವೆ. ಕೊನೆಗೆ ದಪ್ಪ ತಂತಿಯೊಂದೇ ಉಳಿದು, ಬಹಳ ದೂರ ನಡೆದು, ಅದೂ ಇಲ್ಲವಾಗುತ್ತದೆ. ಅವನ ಗುನುಗು ಆ ಹೊತ್ತು ನಿಂತಿತ್ತು. ಕಣ್ಣು ಮುಚ್ಚಿತ್ತು. ಕುರಿ ಬಿಟ್ಟಿರುವಾಗ ಅವನು ಕಣ್ಣು ಮುಚ್ಚಿದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

ಇಯರ್‌ಫೋನು ತೆಗೆದು ಕುರಿಗಳ ಕಡೆ ನೋಡಿದ. “ಹಂಗಾರೆ ಅವ್ರು ನೀರು ದಾಟಿ ಹೋಗ್ಯಾರೆ,” ಎಂದ.

ಫೋನು ಬಿಟ್ಟು ಬಂದೆ. ದಾರಿಯುದ್ದಕ್ಕೂ ಸಂತೋಷವಾಗಿತ್ತು.

ಮಂಗಳವಾರ ಮಧ್ಯಾಹ್ನ ಕರಿಯಮ್ಮ ಫೋನು ಮಾಡಿದಳು. “ರಸ್ತ್ಯಾಗೆ ಕುರಿ ಹೋದವು ಡಾಕ್ಟ್ರೇ. ಲಾರಿ. ಬರ್ರಿ. ಜುಂಜ ಮಾತಾಡ್ತಿಲ್ಲ.”

ನಾನು ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕಟ್ಟೆಗೆ ಇಳಿಯುವ ದಾರಿ ರಸ್ತೆಯನ್ನು ಬಿಡುವಲ್ಲಿ ಒಂಬತ್ತು ಕುರಿ ಸತ್ತು ಬಿದ್ದಿದ್ದವು. ಲಾರಿ ನಿಂತಿರಲಿಲ್ಲ. ಉಳಿದವು ಕಟ್ಟೆಯ ಸುತ್ತ ಚದುರಿದ್ದವು. ಜುಂಜಣ್ಣ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅವನಿಗೆ ಗಾಯವಾಗಿರಲಿಲ್ಲ. ಇಯರ್‌ಫೋನು ಕೊರಳಲ್ಲಿ ಜೋತಾಡುತ್ತಿತ್ತು, ಅದರಿಂದ ತೆಳ್ಳಗೆ ಸದ್ದು ಬರುತ್ತಿತ್ತು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಬರಲಿ ಎಂದು ನಾನೇ ಫೋನನ್ನು ಹಾಗೆ ಇಟ್ಟುಕೊಟ್ಟಿದ್ದೆ. ಆಲ್ಬಮ್ಮು ಮತ್ತೆ ಮೊದಲ ಹಾಡಿನಿಂದ ಶುರುವಾಗಿತ್ತು. ಬಗ್ಗಿ ಅದನ್ನು ಆರಿಸಿದೆ.

ಆದದ್ದು ಇಷ್ಟು. ಮೂರು ದಿನ ಹೇಗೋ ಸರಿಹೋಗಿತ್ತು. ನಾಲ್ಕನೆಯ ದಿನ, ಮುಂದೆ ಸದ್ದಿಲ್ಲದ್ದರಿಂದ ಕುರಿಗಳು ಒಂದರ ಬೆನ್ನಿಗೆ ಒಂದು ಬರದೆ ಉದ್ದಕ್ಕೆ ಹಿಂಜಿಹೋಗಿದ್ದವು. ಅವನು ಕಟ್ಟೆ ಮುಟ್ಟಿದಾಗ ಹಿಂಡಿನ ಬಾಲ ಇನ್ನೂ ರಸ್ತೆಯ ಮೇಲಿತ್ತು. ಮೊದಲಿನಂತಾಗಿದ್ದರೆ ಟಕ್ ಎಂದ ಕೂಡಲೇ ಅವನು ತಿರುಗಿ ಹಿಂದಕ್ಕೆ ಹೋಗಬೇಕಿತ್ತು. ಟಕ್ ಎನ್ನಲಿಲ್ಲ. ಏಳು ನಿಮಿಷ ಬಾಕಿ ಇತ್ತು. ಅವನು ನೀರಿಗೆ ಮುಖ ಮಾಡಿ ಅದನ್ನು ಕೇಳುತ್ತ ನಿಂತ.

ನಾನು ಸತ್ತ ಒಂಬತ್ತರ ಕಿವಿಯಲ್ಲಿದ್ದ ಗುರುತಿನ ಓಲೆಗಳ ಸಂಖ್ಯೆ ಬರೆದುಕೊಂಡೆ. ನಮೂನೆಯಲ್ಲಿ ಸಾವಿನ ಕಾರಣ ಎಂಬ ಜಾಗದಲ್ಲಿ ವಾಹನ ಡಿಕ್ಕಿ ಎಂದು ಬರೆದೆ. 

ಕರಿಯಮ್ಮ ಸತ್ತ ಕುರಿಯೊಂದರ ಪಕ್ಕ ಕೂತಿದ್ದಳು. ನನ್ನ ಮುಖ ನೋಡಿ, ಕೂಗದೆ, ಮೆಲ್ಲಗೇ ಹೇಳಿದಳು: “ಕುರಿ ಕಾಯೋನ ಕಿವಿ ಮುಚ್ಚಿ ಕಳ್ಸಿದ್ರಲ್ಲ ಡಾಕ್ಟ್ರೇ. ನಾವು ಓದಿಲ್ಲ. ನೀವು ಓದಿದೋರು.”

“ಅತ್ತಿಗೆವ್ವ, ಸುಮ್ಕಿರು,” ಎಂದ ಜುಂಜಣ್ಣ. ಅಂದು ಅವನು ಆಡಿದ ಮೊದಲ ಮಾತು ಅದು. ಆಮೇಲೆ ನನ್ನ ಕಡೆ ತಿರುಗಿದ. “ನೀವು ಕೊಟ್ಟಿದ್ದು ಚೆನ್ನಾಗಿತ್ತು. ಅದ್ರಾಗೆ ತಪ್ಪಿಲ್ಲ. ಕುರಿಗೆ ಕೇಳ್ಲಿಲ್ಲ. ನಾನೊಬ್ನೇ ಕೇಳ್ದೆ.”

ಹತ್ತು ದಿನದ ಮೇಲೆ ಅವನು ಬಸ್ಸಿನಲ್ಲಿ ಚಳ್ಳಕೆರೆಗೆ ಬಂದ. ಆಸ್ಪತ್ರೆಯ ಮೇಜಿನ ಮೇಲೆ ಫೋನನ್ನು ಇಟ್ಟ. ಇಯರ್‌ಫೋನನ್ನು ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿ ಬೇರೆಯಾಗಿ ಇಟ್ಟ. ನಾನು ಚಹಾ ತರಿಸಿದೆ. ಅವನು ಲೋಟ ಹಿಡಿದುಕೊಂಡು ಕೂತ, ಕುಡಿಯಲಿಲ್ಲ.

“ಒಂದು ಕೆಲ್ಸ ಆಗ್ಬೇಕಿತ್ತು ಡಾಕ್ಟ್ರೇ.”

“ಹೇಳು ಜುಂಜಣ್ಣ.”

“ಆ ಏಳು ನಿಮಿಷ ತೆಗೆದುಬಿಡ್ರಿ. ಮೊದ್ಲು ಎಲ್ಲಿಗೆ ನಿಲ್ತಿತ್ತೋ ಅಲ್ಲಿಗೇ ನಿಲ್ಸಿಕೊಡ್ರಿ.”

ನಾನು ಫೋನನ್ನು ಕೈಗೆತ್ತಿಕೊಂಡೆ. ಅವನೇ ಮತ್ತೆ ಹೇಳಿದ: “ಹೊರಗೆ ಕೇಳೋ ಹಂಗೂ ಆಗ್ಬೇಕು. ಅವೂ ಕೇಳ್ಬೇಕಲ್ಲ.”

ಅದನ್ನು ಮಾಡಲು ನನಗೆ ನಾಲ್ಕು ಸಂಜೆ ಹಿಡಿಯಿತು. ಕತ್ತರಿಸುವುದು ಕಷ್ಟವಲ್ಲ, ಎಲ್ಲಿ ಕತ್ತರಿಸಬೇಕು ಎಂಬುದು ಕಷ್ಟ. ಹಾಡುವವನು ಎಳೆಯುವ ಆ ಮಾತಿನ ಯಾವ ಗಳಿಗೆಯಲ್ಲಿ ಟೇಪು ಮುಗಿಯುತ್ತಿತ್ತು ಎಂಬುದನ್ನು ಜುಂಜಣ್ಣನ ಎದೆಯ ಗುನುಗನ್ನು ನೆನೆದು ಗುರುತಿಸಬೇಕಾಯಿತು. ಟೇಪಿನ ನಿಧಾನಕ್ಕೆ ಸರಿಯಾಗಿ ಇಡೀ ಆಲ್ಬಮ್ಮನ್ನು ಸ್ವಲ್ಪ ನಿಧಾನಗೊಳಿಸಿದೆ. ದಪ್ಪ ತಂತಿ ಕೇಳುವಂಥ, ಪಟ್ಟಿ ಕಟ್ಟಬಹುದಾದ ಒಂದು ಸ್ಪೀಕರು ಕೊಂಡೆ. ನಡುವೆ ಜ್ವರ ಬಂತು, ಒಂದು ತರಬೇತಿಗೂ ಹೋಗಬೇಕಾಯಿತು. ಹಟ್ಟಿಗೆ ಹೋದಾಗ ರೊಪ್ಪ ಖಾಲಿಯಿತ್ತು.

“ಮೊಳಕಾಲ್ಮುರು ಕಡೆ ಅವ್ನ ಅಕ್ಕ ಅದಾಳೆ. ಕುರಿ ಹೊಡ್ಕಂಡು ಅಲ್ಲಿಗೆ ಹೋದ,” ಎಂದಳು ಕರಿಯಮ್ಮ. “ಅಲ್ಲಿ ಗುಡ್ಡ ಐತೆ, ರಸ್ತೆ ದೂರ ಐತಂತೆ.” ನನಗೆ ನೀರು ಕೊಟ್ಟಳು. ಖಾಲಿ ಲೋಟ ವಾಪಸು ತೆಗೆದುಕೊಳ್ಳುವಾಗ, “ಅವತ್ತು ಅಂದಿದ್ದು ಮನಸಿಗೆ ಹಚ್ಕೋಬ್ಯಾಡ್ರಿ,” ಎಂದಳು. ಹಚ್ಚಿಕೊಂಡಿದ್ದೇನೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮೂರು ತಿಂಗಳ ಮೇಲೆ ಲಸಿಕೆಯ ಕೆಲಸಕ್ಕೆ ನನ್ನನ್ನು ಒಂದು ವಾರ ಮೊಳಕಾಲ್ಮುರಿಗೆ ಹಾಕಿದರು. ಎರಡನೆಯ ದಿನವೇ ಅವನ ಅಕ್ಕನ ಊರು ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅವನ ಮುದಿ ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು. “ಅವ್ನು ಗುಡ್ಡದ ಮ್ಯಾಲೆ ಅದಾನ್ರಿ. ಮಾತಾಡ್ಸಿದ್ರೆ ಊ ಅಂತಾನೆ, ಅಷ್ಟೇ.”

ಬಂಡೆಗಳ ನಡುವೆ ಅವನು ಕಂಡ. ಸೊರಗಿದ್ದ. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. “ಬಂದ್ರಾ,” ಎಂದ. ನಾನು ಫೋನನ್ನು ಸ್ಪೀಕರಿಗೆ ಹೊಂದಿಸಿ ಅವನ ಕೈಗೆ ಕೊಟ್ಟೆ. ಕತ್ತರಿಸಿದ್ದೇನೆ ಎಂದೆ. ಅವನು ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ತೂಗಿ ನೋಡಿದ. ಆಮೇಲೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಗುಂಡಿ ಒತ್ತಿದ.

ಬಂಡೆಯ ಸಂದಿಯಲ್ಲಿ ಹುಲ್ಲು ಹುಡುಕುತ್ತಿದ್ದ ಕುರಿಗಳು ಒಮ್ಮೆಲೇ ತಲೆ ಎತ್ತಿದವು. ಬಿಳಿಗಿವಿ ಗಂಟೆ ಸದ್ದು ಮಾಡುತ್ತ ಇಳಿದುಬಂದು ಅವನ ಹಿಂದೆ ನಿಂತಿತು. ನಾವು ನಡೆದೆವು. ಅರ್ಧ ಗಂಟೆಯಾದಾಗ ಅವನು ನಿಂತ, ಕ್ಯಾಸೆಟ್ಟು ತಿರುಗಿಸಲು ಎದೆಗೆ ಕೈ ಹಾಕಿದ, ಹಾಡು ತಾನೇ ಮುಂದುವರಿದದ್ದನ್ನು ಕೇಳಿ ಮತ್ತೆ ನಡೆದ. ನಾನು ಅವನ ಎದೆಯ ಗುನುಗಿಗಾಗಿ ಕಾಯುತ್ತಿದ್ದೆ. ಎರಡನೆಯ ಮಗ್ಗುಲಿನ ಮಧ್ಯದಲ್ಲಿ ಅದು ಬಂತು, ಬಹಳ ತಗ್ಗಿನಲ್ಲಿ.

ಕೊನೆಯ ಹಾಡು ಶುರುವಾದಾಗ ಹಿಂದೆ ಗೊರಸುಗಳು ಚುರುಕಾದವು. ಹಾಡು ಗುಂಪುಗಟ್ಟಿತು. ಹಾಡುವವನು ಆ ಮಾತನ್ನು ಎಳೆಯತೊಡಗಿದ. ನಿಂತಿತು.

ನಾವು ಒಂದು ಬೋಳು ಬಂಡೆಯ ಮೇಲಿದ್ದೆವು. ಬಿಳಿಗಿವಿ ಮುಂದೆ ಬಂದು ತಲೆ ತಗ್ಗಿಸಿ ಬಂಡೆಗೆ ಬಾಯಿ ಇಟ್ಟಿತು. ಅದರ ಪಕ್ಕದಲ್ಲಿ ಇನ್ನೊಂದು, ಇನ್ನೊಂದು. ಎಲ್ಲವೂ ಅಲ್ಲ. ಹಳೆಯವು ಮಾತ್ರ; ನಾನು ಎಣಿಸಿದೆ, ಹದಿನಾಲ್ಕು. ಒಣಗಿದ ಕಲ್ಲಿಗೆ ಬಾಯಿ ಇಟ್ಟು, ಸಾಲಾಗಿ, ತಲೆ ಎತ್ತದೆ ನಿಂತವು.

ಜುಂಜಣ್ಣ ಅವನ್ನು ನೋಡುತ್ತಿದ್ದ. ಹೆಗಲಿನಿಂದ ನೀರಿನ ಕ್ಯಾನು ಇಳಿಸಿದ. ಅದು ಅವನ ಇಡೀ ದಿನದ ಕುಡಿಯುವ ನೀರು. ಬಂಡೆಯಲ್ಲಿ ಅಂಗೈಯಗಲದ ಒಂದು ಕುಳಿ ಇತ್ತು. ಅದಕ್ಕೆ ಸುರಿದ. ಬಿಳಿಗಿವಿ ಕುಡಿಯಿತು, ಮತ್ತೆ ಸುರಿದ, ಪಕ್ಕದ್ದು ಕುಡಿಯಿತು. ಕ್ಯಾನು ಖಾಲಿಯಾಗುವವರೆಗೂ ಸುರಿದ. ಹದಿನಾಲ್ಕಕ್ಕೂ ಸಾಲಲಿಲ್ಲ.

“ಇವಕ್ಕೆ ಸುಳ್ಳು ಹೇಳಂಗಿಲ್ಲ ಡಾಕ್ಟ್ರೇ,” ಎಂದ.

ಕೊರಳಿನ ಪಟ್ಟಿ ತೆಗೆದು, ಸ್ಪೀಕರಿಗೆ ಸುತ್ತಿ, ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟ. “ಇದು ಆ ದಾರಿ ಹಾಡು. ಇಲ್ಲಿಗೆ ಬ್ಯಾಡ.” ನಾನು ಏನೋ ಹೇಳಹೊರಟೆ. ಅವನು ನನ್ನ ಭುಜ ಮುಟ್ಟಿದ. “ಬಿಸ್ಲು ಏರ್ತೈತೆ, ಇಳೀರಿ. ನಾನು ಬರ್ತೀನಿ.”

ಬರ್ತೀನಿ ಎಂದದ್ದು ಹೋಗುತ್ತೇನೆ ಎಂಬ ಅರ್ಥದಲ್ಲಿ. ಅವನು ಮತ್ತೆ ಬರಲಿಲ್ಲ, ನಾನೂ ಮತ್ತೆ ಅವನನ್ನು ಕಾಣಲಿಲ್ಲ. ಮುಂದಿನ ಸಲ ಆ ಕಡೆ ಹೋದಾಗ ಅಕ್ಕ ಹೇಳಿದ್ದು, ಹಿಂಡು ಗಡಿ ದಾಟಿ ಆಂಧ್ರದ ಕಡೆ ಹೋಯಿತು ಎಂದಷ್ಟೇ.

ಅಂದು ಗುಡ್ಡದ ತಿರುವಿನಲ್ಲಿ ಅವನು ಮರೆಯಾಗುವವರೆಗೆ ನಾನು ಬಂಡೆಯ ಮೇಲೆ ನಿಂತಿದ್ದೆ. ಮರೆಯಾದ ಮೇಲೂ ನಿಂತಿದ್ದೆ. ಎದೆಯ ಗುನುಗು ಕೇಳೀತೇ ಎಂದು ಉಸಿರು ಹಿಡಿದು ಆಲಿಸಿದೆ. ಬಿಳಿಗಿವಿಯ ಗಂಟೆ ಮಾತ್ರ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅದೂ ಇಲ್ಲ.